ಕೆರೆ ಮೀನಿಗೆ ಗಾಳ: ಎಷ್ಟು ಆಳಕ್ಕೆ?

ಕೃತಕ ನೊಣ ಕಟ್ಟಿದ ಗಾಳದಿಂದ ಟ್ರೌಟ್ ಮೀನು ಹಿಡಿಯುವುದು ತಣ್ಣನೆಯ ತಿಳಿನೀರಿಗೆ ಹೊಂದುವ ಪದ್ಧತಿ. ರೋಣ, ನರಗುಂದ, ಗಜೇಂದ್ರಗಡ ಭಾಗದ ಕಪ್ಪು ಭೂಮಿಯಲ್ಲಿ ಮಳೆ ಬಿದ್ದೊಡನೆ ಕೆರೆ, ಹೊಂಡಗಳು ಕದಡುತ್ತವೆ. ಮೀನಿಗೆ ನೊಣ ಕಾಣದು. ಎರೆಹುಳು, ಹಿಟ್ಟಿನ ಉಂಡೆಯ ವಾಸನೆಯೇ ಅದನ್ನು ಸೆಳೆಯಬೇಕು.

ಗಾಳದ ಆಳವನ್ನು ಮೀನಿನ ಬಾಯಿಯೇ ತಿಳಿಸುತ್ತದೆ. ಮೇಲ್ಮುಖ ಬಾಯಿಯ ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಅದರಂತೆ ದಾರದ ಮೇಲಿನ ಬೆಂಡನ್ನು ಸರಿಸಿಕೊಳ್ಳಿರಿ.

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಸಣ್ಣ ಮೀನು ಹಿಡಿದರೆ ಮರಿ ತಂದು ಬಿಟ್ಟವರಿಗೆ ನಷ್ಟ. ಗೆಂಡೆ ಮಾತ್ರ ಕೆರೆಯಲ್ಲಿಯೇ ಮೊಟ್ಟೆಯಿಡುತ್ತದೆ. ಆದ್ದರಿಂದ ಸಣ್ಣ ಮೀನನ್ನೂ, ಮೊಟ್ಟೆ ತುಂಬಿದ ಗೆಂಡೆಯನ್ನೂ ಒದ್ದೆ ಕೈಯಿಂದ ಬಿಡಿಸಿ ನೀರಿಗೆ ಬಿಡಿರಿ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ತಗಲಬಹುದು.