ಭೂಮಿಯ ತುರ್ತು, ಫಂಕ್‌ನ ತಾಳ

ಬ್ರಿಟನ್ನಿನ ಜಮೀರೊಕ್ವಾಯ್ ತಂಡದ ಚೊಚ್ಚಲ ಆಲ್ಬಂ ‘ಎಮರ್ಜೆನ್ಸಿ ಆನ್ ಪ್ಲಾನೆಟ್ ಅರ್ತ್’ 1993ರ ಜೂನ್‌ನಲ್ಲಿ ಬಿಡುಗಡೆಯಾಗಿ ಅಲ್ಲಿನ ಮಾರಾಟ ಪಟ್ಟಿಯ ಅಗ್ರಸ್ಥಾನಕ್ಕೇರಿದಾಗ, ಕೇಳುಗರ ಕಿವಿಗೆ ಮೊದಲು ಬಿದ್ದದ್ದು ಡಿಜೆರಿಡೂ ವಾದ್ಯದ ಗುಂಯ್‌ಗುಡುವ ನಾದ. ಗೆದ್ದಲು ತಿಂದು ಟೊಳ್ಳಾಗಿಸಿದ ನೀಲಗಿರಿ ಜಾತಿಯ ಮರದಿಂದ ಆಸ್ಟ್ರೇಲಿಯಾದ ಮೂಲನಿವಾಸಿಗಳು ರೂಪಿಸಿಕೊಂಡ ಈ ಉದ್ದನೆಯ ಕೊಳವೆಯನ್ನು ಊದುವವರು, ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುವುದರಿಂದ ನಾದವು ತಂಬೂರಿಯ ಶ್ರುತಿಯಂತೆ ಕಡಿಯದೆ ಸಾಗುತ್ತದೆ. ತಂಡದಲ್ಲಿ ಇದನ್ನು ನುಡಿಸುತ್ತಿದ್ದವರು ವಾಲಿಸ್ ಬುಕನನ್.

ಫಂಕ್ ಎಂಬುದು 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮೊದಲಾದ ಅಮೆರಿಕದ ಕಪ್ಪು ಸಂಗೀತಗಾರರು ಬೆಳೆಸಿದ, ಆವರ್ತದ ಮೊದಲ ಪೆಟ್ಟಿಗೆ ಒತ್ತುಕೊಟ್ಟು ಬೇಸ್ ಗಿಟಾರ್ ಮತ್ತು ಡ್ರಮ್‌ಗಳನ್ನು ಮುಂದಿಟ್ಟುಕೊಳ್ಳುವ ಶೈಲಿ. ಅದಕ್ಕೆ ನಿಕಟವಾದ ಸೋಲ್ ಸಂಗೀತದಲ್ಲಿ ಮಾರ್ವಿನ್ ಗೇ 1971ರಲ್ಲೇ ಯುದ್ಧ ಮತ್ತು ಪರಿಸರ ನಾಶದ ಕುರಿತು ಹಾಡಿದ್ದರು. ಗಾಯಕ ಜೇ ಕೇ ಅದೇ ಜಾಡು ಹಿಡಿದರು; ತಂಡದ ಹೆಸರಿನಲ್ಲಿಯೂ ಉತ್ತರ ಅಮೆರಿಕದ ಇರೊಕ್ವಾಯ್ ಜನರ ಹೆಸರನ್ನು ಬೆಸೆದರು. ರಿಯೊದಲ್ಲಿ ಭೂ ಶೃಂಗಸಭೆ ನಡೆದ 1992ರಲ್ಲೇ ‘ವೆನ್ ಯು ಗೊನ್ನ ಲರ್ನ್’ ಹಾಡು ಆಸಿಡ್ ಜಾಝ್ ಎಂಬ ಸಣ್ಣ ಸಂಸ್ಥೆಯಿಂದ ಹೊರಬಂದಿತು. ಆಮೇಲೆ ಸೋನಿ ಸಂಸ್ಥೆಯು ಎಂಟು ಆಲ್ಬಂಗಳಿಗೆ ಒಪ್ಪಂದ ಮಾಡಿಕೊಂಡಿತು.

ಪ್ರಕೃತಿಯನ್ನು ಲಾಭಕ್ಕಾಗಿ ಸೂರೆಮಾಡುವ ದುರಾಸೆಯನ್ನು ಆ ಹಾಡು ಖಂಡಿಸಿದರೆ, ‘ಟೂ ಯಂಗ್ ಟು ಡೈ’ ಯುದ್ಧವನ್ನು ವಿರೋಧಿಸುತ್ತದೆ. ಇಷ್ಟಾಗಿಯೂ ಹಾಡುಗಳು ಭಾಷಣವಾಗದಿರುವುದಕ್ಕೆ ಆಗಿನ್ನೂ 19ರ ಹರೆಯದಲ್ಲಿದ್ದ ಸ್ಟುವರ್ಟ್ ಝೆಂಡರ್ ಅವರ ಪುಟಿಯುವ ಬೇಸ್ ಮತ್ತು ಟೋಬಿ ಸ್ಮಿತ್ ಅವರ ಕೀಬೋರ್ಡ್ ಕಾರಣ. ಸಿಟ್ಟು ಇಲ್ಲಿ ಮೈಯನ್ನು ಕುಣಿಸುತ್ತದೆ.

ಆದರೆ ಜೇ ಕೇ ಅವರ ವೇಗದ ಕಾರುಗಳ ಮೋಹ ಬಲುಬೇಗ ಪತ್ರಿಕೆಗಳಿಗೆ ಆಹಾರವಾಯಿತು. 1996ರ ಮೂರನೆಯ ಆಲ್ಬಮ್ಮಿನ ಹೊದಿಕೆ ಫೆರಾರಿಯ ಲಾಂಛನವನ್ನು ಹೋಲುತ್ತಿತ್ತು. ಅದರ ಶೀರ್ಷಿಕೆ ಗೀತೆ ಆರಂಭವಾಗುವುದೇ ಲ್ಯಾಂಬೊರ್ಗಿನಿ ಕಾರಿನ ಎಂಜಿನ್ ಸದ್ದಿನಿಂದ. ಮೂರು ವರ್ಷಗಳಲ್ಲಿ ಡಿಜೆರಿಡೂವಿನಿಂದ ಎಂಜಿನ್ನಿಗೆ ಆದ ಈ ಪಲ್ಲಟ ನೋವಿನ ಸಂಗತಿ, ಟೀಕೆಯೂ ನ್ಯಾಯವಾದುದೇ. ಆದರೂ ಗಾಯಕನ ಗ್ಯಾರೇಜನ್ನು ಮುಂದಿಟ್ಟು ಮೊದಲ ಆಲ್ಬಮ್ಮನ್ನು ತಳ್ಳಿಹಾಕಿದವರು, ಸಾಮಾಜಿಕ ಬದಲಾವಣೆಗೆ ಕರೆಕೊಡುತ್ತ ಹತ್ತು ನಿಮಿಷಕ್ಕೂ ಮೀರಿ ಬೆಳೆಯುವ ‘ರೆವಲ್ಯೂಷನ್ 1993’ನ್ನು ಪೂರ್ತಿ ಕೇಳಿಸಿಕೊಂಡಂತಿಲ್ಲ.