ಸೇವೆ ನಿಂತ ಮೇಲೆ ಸಾಧನದ ಬೆಲೆಯೇನು?

ಗಡಿಯಾರ ಕೆಟ್ಟಿರಲಿಲ್ಲ, ಅದಕ್ಕೆ ಮಾಹಿತಿಯನ್ನು ಒದಗಿಸುತ್ತಿದ್ದ ಸೇವೆ ನಿಂತುಹೋಯಿತು. ಅಮೆರಿಕದ ಈ ಪ್ರಸಂಗವು ನಮ್ಮ ವರ್ತಕರೂ ಸಣ್ಣ ಉದ್ಯಮಿಗಳೂ ಗಮನಿಸತಕ್ಕದ್ದಾಗಿದೆ.

ಮೈಕ್ರೋಸಾಫ್ಟ್ ಸಂಸ್ಥೆಯು 2004ರಲ್ಲಿ 'ಎಂಎಸ್‌ಎನ್ ಡೈರೆಕ್ಟ್' ಸೇವೆಯನ್ನು ಆರಂಭಿಸಿತು. ಎಫ್‌ಎಂ ಬಾನುಲಿ ಕೇಂದ್ರಗಳ ಪ್ರಸಾರದೊಡನೆಯೇ, ಕೇಳುಗರ ಕಿವಿಗೆ ಬೀಳದ ಉಪತರಂಗವೊಂದರಲ್ಲಿ ಹವಾಮಾನ, ಷೇರು ಧಾರಣೆ, ವಾರ್ತೆಗಳು ರವಾನೆಯಾಗುತ್ತಿದ್ದವು. ಫಾಸಿಲ್, ಸೂಂಟೋ ಮೊದಲಾದ ಕಂಪನಿಗಳ 'ಸ್ಪಾಟ್' ಕೈಗಡಿಯಾರಗಳು ಅವನ್ನು ಗ್ರಹಿಸಿ ತೋರಿಸುತ್ತಿದ್ದವು. ವಾರ್ಷಿಕ ಚಂದಾ 59 ಡಾಲರ್. ಆದರೆ ಇದು ಏಕಮುಖ ವ್ಯವಸ್ಥೆ; ಬಂದ ಸಂದೇಶಕ್ಕೆ ಉತ್ತರಿಸುವಂತಿರಲಿಲ್ಲ. ಪ್ರಸಾರವ್ಯಾಪ್ತಿಯ ಹೊರಗೆ ಹೊಸ ಮಾಹಿತಿಯೂ ದೊರೆಯುತ್ತಿರಲಿಲ್ಲ. ಅಷ್ಟರಲ್ಲಿ ಅಂತರಜಾಲವುಳ್ಳ ಮೊಬೈಲುಗಳು ಬಂದವು. 2008ರಲ್ಲಿ ಗಡಿಯಾರಗಳ ತಯಾರಿಕೆ ನಿಂತಿತು. 2012ರ ಜನವರಿ 1ರಂದು ಸೇವೆಯೂ ಕೊನೆಗೊಂಡಿತು.

ಇಂದು ವಾಹನದ ಜಿಪಿಎಸ್ ಸಾಧನ, ಬಿಲ್ಲಿಂಗ್ ಯಂತ್ರ, ಕಾವಲು ಕ್ಯಾಮೆರಾಗಳಲ್ಲಿ ಹಲವು ಇದೇ ರೀತಿ ಅನ್ಯರ ಸೇವೆಯನ್ನು ಅವಲಂಬಿಸಿವೆ. ಆದುದರಿಂದ ಲೆಕ್ಕಪತ್ರಗಳಲ್ಲಿ ಈ ಅಂಶಗಳನ್ನು ಗಮನಿಸಬೇಕು:

1. ಮಾರಾಟದ ದಾಸ್ತಾನು: ಲೆಕ್ಕಪತ್ರ ಮಾನಕ 2ರ ಪ್ರಕಾರ ಖರೀದಿ ವೆಚ್ಚ ಹಾಗೂ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನೇ ತೋರಿಸಬೇಕು. ರೂ. 4,000ಕ್ಕೆ ಕೊಂಡ ಸಾಧನವು ಈಗ ರೂ. 1,500ಕ್ಕೆ ಮಾತ್ರ ಮಾರಾಟವಾಗುವಂತಿದ್ದು, ಮಾರಾಟ ವೆಚ್ಚ ರೂ. 100 ಆದರೆ, ಅದರ ಮೌಲ್ಯ ರೂ. 1,400. ಉಳಿದ ರೂ. 2,600 ಈ ವರ್ಷದ ನಷ್ಟ. ದಾಸ್ತಾನನ್ನು ಪೂರ್ಣವಾಗಿ ರೈಟ್ ಆಫ್ ಮಾಡಿದರೆ, ಅದರ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ.

2. ಸ್ವಂತ ಬಳಕೆಯ ಸಾಧನ: ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದಷ್ಟೇ ಮುಖ್ಯವಲ್ಲ, ತಂತ್ರಜ್ಞಾನ ಹಳತಾಗುವ ಸಂಭವವನ್ನೂ ಪರಿಗಣಿಸಿ ಉಪಯುಕ್ತ ಆಯುಸ್ಸನ್ನು ನಿರ್ಧರಿಸಬೇಕು.

3. ಮುಂಗಡ ಚಂದಾ: ಅಕ್ಟೋಬರ್ 1ರಂದು ವರ್ಷವೊಂದಕ್ಕೆ ರೂ. 12,000 ಪಾವತಿಸಿದ್ದರೆ, ಮಾರ್ಚ್ 31ರಂದು ರೂ. 6,000 ಮುಂಗಡ ಪಾವತಿಯಾಗಿ ಉಳಿಯುತ್ತದೆ. ಸೇವೆ ನಿಂತು, ಹಣ ಮರಳುವ ಭರವಸೆಯೂ ಇಲ್ಲದಿದ್ದರೆ ಅದೂ ನಷ್ಟವೇ.

ಇಂತಹ ಸಾಧನಗಳನ್ನು ಕೊಳ್ಳುವ ಮೊದಲು, ಸೇವೆಯನ್ನು ಎಷ್ಟು ಕಾಲ ನೀಡಲಾಗುವುದು, ನಡುವೆ ನಿಂತರೆ ಹಣ ಮರಳುವುದೇ ಎಂಬುದನ್ನು ಸರಬರಾಜುದಾರರಿಂದ ಬರಹದಲ್ಲಿ ಪಡೆಯುವುದು ಲೇಸು. ಗ್ಯಾರಂಟಿ ಕಾರ್ಡು ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದರೆ, ಸೇವೆಯ ಹೊಣೆಯನ್ನು ಯಾರೂ ಹೊತ್ತಿಲ್ಲವೆಂದೇ ತಿಳಿಯಬೇಕು.