ಐಸಿಯು ಸಿಸ್ಟರ್‌ಗೂ ಅಳಲು ಒಂದು ನಿಮಿಷ ಬೇಕು

‘ಉಸಿರು ಇರೂದ್ರಾಗ ಮನಿಗೆ ಒಯ್ತೀವ್ರಿ.’ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ತೀವ್ರ ನಿಗಾ ಘಟಕದ ಕೆಲಸ ಮಾಡಿದವರಿಗೆ ಈ ಮಾತು ಹೊಸದಲ್ಲ. ಜೀವ ಮನೆಯಲ್ಲೇ ಹೋಗಲಿ, ಕೊನೆಯ ಗುಟುಕು ನೀರು ಮಕ್ಕಳ ಕೈಯಿಂದ ಸಿಗಲಿ ಎಂಬ ಆಸೆ ಅದು. ಸಂಬಂಧಿಕರು ಸಹಿ ಹಾಕುತ್ತಾರೆ. ವೆಂಟಿಲೇಟರ್ ಕಳಚಿ, ಉಸಿರು ತುಂಬುವ ಆಂಬು ಬ್ಯಾಗ್ ಜೋಡಿಸಿ, ಅದನ್ನು ಕೈಯಿಂದ ಒತ್ತುತ್ತಲೇ ನರ್ಸ್ ಆಂಬುಲೆನ್ಸ್‌ವರೆಗೆ ಬರುತ್ತಾಳೆ. ದಿನಗಟ್ಟಲೆ ಕಫ ತೆಗೆದು, ಬಾಯಿ ಒರೆಸಿ, ಮಗ್ಗುಲು ಬದಲಿಸಿದವಳು ಅವಳು. ಹಾಗೆ ಮನೆಗೆ ಒಯ್ದ ಅಜ್ಜ ಯಾವಾಗ ತೀರಿಕೊಂಡ ಎಂಬುದು ಅವಳಿಗೆ ಗೊತ್ತಾಗುವುದು ಸಂತೆಯಲ್ಲಿ, ಯಾರದೋ ಬಾಯಿಂದ. ಅಷ್ಟರಲ್ಲಿ ಆ ಹಾಸಿಗೆಗೆ ಇನ್ನೊಬ್ಬರು ಬಂದಿರುತ್ತಾರೆ.

ಸಣ್ಣ ಊರಿನ ಐಸಿಯು ಕಷ್ಟವೇ ಬೇರೆ. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರಿಗೆ ಬೈಕ್ ಗುದ್ದಿಕೊಂಡು ಬಂದ ಹುಡುಗ ಬೀಗರ ಪೈಕಿಯೇ ಆಗಿರಬಹುದು. ‘ಬೆಳಗಾವಿಗೆ ಒಯ್ಯಿರಿ’ ಎಂದು ಕಳಿಸಿದವನು ದಾರಿಯಲ್ಲೇ ತೀರಿಕೊಂಡರೆ, ಆ ಮನೆಯವರ ಮುಖವನ್ನು ವರ್ಷಾನುಗಟ್ಟಲೆ ನೋಡುತ್ತಿರಬೇಕು.

ಇಂಥ ದಿನಗಳು ಸೇರುತ್ತ ಹೋದಂತೆ ಬರುವ ದಣಿವು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ: ಈ ಮೂರೂ ಕೂಡಿದ ಸ್ಥಿತಿಗೆ ಬರ್ನ್‌ಔಟ್ ಎನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗ ಎನ್ನಲಿಲ್ಲ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದರೆ ಹುಟ್ಟುವ ಸ್ಥಿತಿ ಎಂದಿತು. ಹಾಗಿದ್ದ ಮೇಲೆ ಮದ್ದೂ ಕೆಲಸದ ಜಾಗದಲ್ಲೇ ಸಿಗಬೇಕಲ್ಲವೇ? ವರ್ಷಕ್ಕೊಂದು ಯೋಗ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಸಾಲದು. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೆ ಒಬ್ಬ ನರ್ಸ್ ಎಂಬ ನಿಯಮ ರಾತ್ರಿ ಪಾಳಿಯಲ್ಲೂ ನಡೆಯಬೇಕು.

ಖರ್ಚಿಲ್ಲದ ದಾರಿಯೂ ಒಂದಿದೆ. ಅಮೆರಿಕದ ವರ್ಜೀನಿಯಾದಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್, ರೋಗಿ ತೀರಿಕೊಂಡ ಕೂಡಲೇ ಎಲ್ಲರೂ ಹಾಸಿಗೆಯ ಸುತ್ತ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುವ ರೂಢಿ ತಂದರು. ಹೋದವರಿಗೂ ಗೌರವ, ಉಳಿಸಲು ಹೆಣಗಿದವರಿಗೂ ಗೌರವ. ನಮ್ಮಲ್ಲಿ ಡಾಕ್ಟರಿಂದ ಆಯಾತನಕ ಎಲ್ಲರೂ ಹೀಗೆ ನಿಲ್ಲಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದು ರೋಗಿಗಳಿಗಷ್ಟೇ ಅಲ್ಲ, ಸಿಸ್ಟರ್‌ಗಳಿಗೂ ಇದೆ.